ಕಾಲು ಕಾಣುವ ನೀರು

ಟಕ್, ಮತ್ತೆ ಟಕ್, ತಲೆಯ ಮೇಲಿನ ಫ್ಯಾನು ಸುತ್ತಿಗೊಂದು ಸಲ ಎಲ್ಲೋ ತಾಗುತ್ತಿದೆ, ಗಾಳಿಯೆಲ್ಲ ವೇದಿಕೆಯ ಮೇಲಿನವರಿಗೆ, ಮೂರನೇ ಸಾಲಿನಲ್ಲಿ ಕೂತ ಕರೆಮ್ಮನಿಗೆ ಬರೀ ಸದ್ದು, ಎಂಬತ್ತಮೂರನೇ ಇಸವಿಯ ಮೇ, ರಾಯಚೂರು, ಬೆಳಗಿನ ಹನ್ನೊಂದಕ್ಕೇ ಕುರ್ಚಿಯ ತಗಡು ಬೆನ್ನು ಸುಡುತ್ತದೆ, ಮತ್ತು ಆ ಮನುಷ್ಯ ಮಾತಾಡುತ್ತಲೇ ಇದ್ದಾರೆ, ಡಾಕ್ಟರ್ ವೆಂಕೋಬ, ಅವಳ ಗೈಡು, ಈ ಸಂಶೋಧನಾ ಕೇಂದ್ರದ ದೊಡ್ಡ ತಲೆ, ಮೈಕಿನ ಕತ್ತು ಹಿಡಿದುಕೊಂಡು, ಮಹನೀಯರೇ, ಗದ್ದೆಯ ಪಾಚಿ ಎಂದು ನಾವು ಅಸಡ್ಡೆ ಮಾಡುತ್ತೇವಲ್ಲ, ಅದು ಅಸಲಿಗೆ ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ, ಬಿಸಿಲು ಉಂಡು ಬದುಕುವ ಬ್ಯಾಕ್ಟೀರಿಯಾ, ಗಾಳಿಯಲ್ಲಿನ ಸಾರಜನಕ ಹಿಡಿದು ಭತ್ತಕ್ಕೆ ಉಣಿಸುತ್ತದೆ, ರೈತನಿಗೆ ಪುಕ್ಕಟೆ ಗೊಬ್ಬರ — ಅವಳದೇ ವಾಕ್ಯ, ಅವಳ ನೋಟ್‌ಬುಕ್ಕಿನ ಒಂಬತ್ತನೇ ಪುಟ, ಬಿಸಿಲು ಉಂಡು ಅನ್ನುವುದನ್ನು ಕೂಡ ಬಿಟ್ಟಿಲ್ಲ ಪುಣ್ಯಾತ್ಮ, ಹೋಗಲಿ, ಕದಿಯಲಿ, ಅದು ನಿಜವಾದರೂ ಹೌದು, ಮುಂದೆ ಹೇಳಲಿರುವುದು ನಿಜ ಅಲ್ಲ, ಅಕೋ ವೇದಿಕೆಯ ಮಗ್ಗುಲಲ್ಲಿ ಗೋಣಿಚೀಲಗಳು, ಚೀಲದ ತುಂಬ ನೀಲಿ ಪೊಟ್ಟಣಗಳು, ತಾಮ್ರದ ಪುಡಿ, ಭತ್ತದ ಬೆಂಕಿರೋಗಕ್ಕೆ ಮದ್ದು, ಭಾಷಣ ಮುಗಿದ ಮೇಲೆ ಹಿಂದಿನ ಸಾಲುಗಳಲ್ಲಿ ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತ ಮಾನ್ವಿಯವರಿಗೂ ದೇವದುರ್ಗದವರಿಗೂ ಹಂಚುವುದು, ಎಕರೆಗೆ ಎರಡು ಪೊಟ್ಟಣ, ಎರಡು ತಾಲೂಕಿಗೂ ಒಂದೇ ಅಳತೆ, ಗದ್ದೆಯ ಹಸಿರಿಗೆ ಕೂದಲೆಳೆಯಷ್ಟೂ ತೊಂದರೆಯಿಲ್ಲ ಎಂದು ನಮ್ಮ ಪ್ರಯೋಗಾಲಯ ತೋರಿಸಿಕೊಟ್ಟಿದೆ, ಅನ್ನುತ್ತಿದ್ದಾರೆ. ತೋರಿಸಿಕೊಟ್ಟವಳು ಕರೆಮ್ಮ. ಅದು ತಪ್ಪು ಎಂದು ಗೊತ್ತಿರುವವಳೂ ಅವಳೇ, ಅವಳ ಬೆವೆತ ಅಂಗೈಯಲ್ಲಿ ಸರ್ ಬರೆದುಕೊಟ್ಟ ಚೀಟಿ ಇದೆ, ಮೂರು ವಾಕ್ಯ, ಕರೆದಾಗ ಮೇಲೆ ಬಂದು ಓದಬೇಕು, ಪ್ರಯೋಗ ಮಾಡಿದವಳು ನಾನು, ಫಲಿತಾಂಶ ಸರಿಯಾಗಿದೆ, ರೈತ ಬಾಂಧವರು ನಿಶ್ಚಿಂತೆಯಿಂದ ಬಳಸಬಹುದು, ಅಷ್ಟೇ, ಅಷ್ಟು ಓದಿದರೆ ಸರ್ ಅವರ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಮಲಗಿರುವ ಅವಳ ಪ್ರಬಂಧಕ್ಕೆ ಸಹಿ ಬೀಳುತ್ತದೆ.

ನಮ್ಮ ದೇವದುರ್ಗದ ಹುಡುಗಿ, ಅಂದರು ಈಗ, ಕೂಲಿ ಮಾಡುವ ಮನೆತನದಿಂದ ಬಂದು — ಬಂತು, ಇನ್ನೂ ಬರಲಿಲ್ಲವಲ್ಲ ಅಂದುಕೊಳ್ಳುತ್ತಿದ್ದಳು, ಮುಂದಿನ ಸಾಲಿನ ನಾಲ್ಕು ತಲೆಗಳು ತಿರುಗಿ ಅವಳ ಕೂದಲಿನಿಂದ ಚಪ್ಪಲಿಯ ತನಕ ನೋಡುತ್ತವೆ, ನೋಡಿರಿ, ಚೆನ್ನಾಗಿ ನೋಡಿರಿ, ಎರಡು ವರ್ಷದ ಹಿಂದೆ ಅವಳು ಸೇರಲು ಬಂದ ದಿನ ಇದೇ ಬಾಯಿ ಅರ್ಜಿ ಓದಿ ಕರೆಮ್ಮನಾ, ಸರ್ಟಿಫಿಕೇಟಿನಾಗೂ ಹಿಂಗೇ ಅದ ಏನು ಎಂದು ನಕ್ಕಿತ್ತು, ಕೂರಲು ಜಾಗ ತೋರಿಸಿದ್ದು ಸಾಮಾನು ಕೋಣೆಯಲ್ಲಿ, ಕೆಟ್ಟು ನಿಂತ ನೀರು ಬಟ್ಟಿ ಇಳಿಸುವ ಯಂತ್ರದ ಪಕ್ಕ, ಅದರ ಕಾಯಿಲು ಸುಟ್ಟು ಎಂಟು ತಿಂಗಳಾಗಿತ್ತು, ಒಂದಲ್ಲ ಮೂರು ಅರ್ಜಿ ಬರೆದುಕೊಟ್ಟಳು, ಮೂರರ ಮೇಲೂ ನೋಡೋಣ ಎಂದು ಬರೆದು ಸಹಿ ಹಾಕಿದರು, ಏನು ನೋಡುವುದು, ಈ ಕೆಲಸಕ್ಕೆ ಬಟ್ಟಿ ಇಳಿಸಿದ ನೀರು ಬೇಕು, ಉಪ್ಪಿಲ್ಲದ ಸುಣ್ಣವಿಲ್ಲದ ಮಣ್ಣಿಲ್ಲದ ನೀರು, ನೀರಿನಲ್ಲಿ ಬೇರೇನೋ ಕೂತಿದ್ದರೆ ತಾಮ್ರ ಎಷ್ಟು ಕೊಲ್ಲುತ್ತದೆ ಎಂದು ಹೇಗೆ ಹೇಳುವುದು, ಮತ್ತು ಮೂರನೇ ಅರ್ಜಿ ತಿರುಗಿ ಬಂದ ದಿನ ಅವಳ ತಲೆ ಕೆಟ್ಟಿತ್ತು, ಸಿಟ್ಟು ತೋರಿಸಬೇಕಾದ ಕೋಣೆಯ ಬಾಗಿಲು ಹಾಕಿತ್ತು, ಎದುರಿಗೆ ಸಿಕ್ಕವರು ಅಟೆಂಡರ್ ಅಬ್ದುಲ್ ವಹೀದ್, ಇಡೀ ಕೇಂದ್ರದಲ್ಲಿ ಅವಳನ್ನು ಉಂಡೆಯಾ ಎಂದು ಕೇಳುತ್ತಿದ್ದ ಒಂದೇ ಜೀವ, ಅವರ ಮೇಲೆ ಹಾರಿಬಿದ್ದಳು, ನಾಳಿ ಮುಂಜಾನಿ ನನಗ ನೀರು ಬೇಕು ಚಾಚಾ, ಎಲ್ಲಿಂದರ ತರ್ರಿ, ಹೆಂಗರ ತರ್ರಿ, ನನ್ನ ಏನೂ ಕೇಳಬ್ಯಾಡ್ರಿ. ಆತು ಬೇಟಿ, ಸಿಟ್ಟಾಗಬ್ಯಾಡ, ಅಂದರು. ಮರುದಿನ ಸೈಕಲ್ಲಿನ ಎರಡೂ ಕಡೆ ಎರಡು ಕ್ಯಾನು, ಬಾಯಿಗೆ ಮಲ್ಲಿನ ಬಟ್ಟೆ ಕಟ್ಟಿ, ಮೂರು ಸಲ ಸೋಸೀನಿ, ಇದಕ್ಕಿಂತ ಸಾಫ್ ನೀರು ರಾಯಚೂರಾಗ ಸಿಗಂಗಿಲ್ಲ, ಎಂದು ಎದೆಯುಬ್ಬಿಸಿ ನಿಂತರು, ಮತ್ತು ಅವಳು ಕೇಳಲಿಲ್ಲ, ಎಲ್ಲಿಂದ ಚಾಚಾ ಎಂಬ ಎರಡು ಮಾತು, ಯಾವುದೋ ಔಷಧದ ಅಂಗಡಿಯಲ್ಲಿ ಹಿಡಿದು ತಂದಿರಬೇಕು ಅಂದುಕೊಂಡಳು, ಅಂದುಕೊಳ್ಳುವುದು ಸುಲಭವಾಗಿತ್ತು, ರಜಿಸ್ಟರಿನ ಕಾಲಂ ಖಾಲಿ ಇರಬಾರದು ಎಂದು ಸರ್ ಗದರಿದ್ದಕ್ಕೆ ಚಾಚಾ ಪ್ರತಿ ಸೋಮವಾರ ಬಟ್ಟಿ ನೀರು ಇಪ್ಪತ್ತು ಲೀಟರ್ ಎಂಬಲ್ಲಿ ಉರ್ದುವಿನಲ್ಲಿ ಸಹಿ ಹಾಕಿದರು. ಒಂದು ವರ್ಷ ಆ ನೀರಿನಲ್ಲೇ ಪ್ರಯೋಗ ನಡೆಯಿತು.

ಎಷ್ಟು ಹಸಿರಾಗಿದ್ದವು ಗದ್ದೆಯ ಪಾಚಿ ಬೆಳೆಸಿದ ಆ ಫ್ಲಾಸ್ಕುಗಳು. ತಾಮ್ರ ಹಾಕಿದರೂ ಹಸಿರು, ಎರಡರಷ್ಟು ಹಾಕಿದರೂ ಹಸಿರು, ಕಿಟಕಿಯ ಬಿಸಿಲಿನಲ್ಲಿ ಸಾಲಾಗಿ ನಿಂತು ಕಣ್ಣಿಗೆ ಹಬ್ಬ, ವೆಂಕೋಬ ಸರ್ ಒಂದೊಂದನ್ನೂ ಎತ್ತಿ ಹಿಡಿದು ಭಲೇ ಅಂದರು, ಮೊದಲ ಸಲ ಅವಳಿಗೆ ಅವರ ಕೋಣೆಯಲ್ಲಿ ಕುರ್ಚಿ ಸಿಕ್ಕಿತು, ಪುಡಿ ಮಾಡುವ ಕಂಪನಿಯವನು ಬಂದು ಹೋದ, ಅದೇ ಮನುಷ್ಯ, ಈಗ ವೇದಿಕೆಯ ಮೇಲೆ ಬಿಳಿ ಪ್ಯಾಂಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಬೂಟು ಅಲ್ಲಾಡಿಸುತ್ತಿದ್ದಾನೆ, ಕೇಂದ್ರಕ್ಕೆ ಹೊಸ ಕಟ್ಟಡ ಕಟ್ಟಿಸಿಕೊಡುತ್ತಾನಂತೆ, ಟಕ್, ಟಕ್, ಮತ್ತು ಆ ಖುಷಿಯಲ್ಲಿ, ಥೂ, ಆ ಖುಷಿಯಲ್ಲಿ ಅವಳು ಎರಡು ಪೊಟ್ಟಣ ಚೀಲಕ್ಕೆ ಹಾಕಿಕೊಂಡು ದೇವದುರ್ಗದ ಬಸ್ಸು ಹತ್ತಿದಳು, ಹೋದ ಮುಂಗಾರು, ಅವ್ವ ತಿಮ್ಮವ್ವನಿಗೆ ಊರಿನ ಕೆರೆಯ ಕೆಳಗೆ ಒಂದು ತುಂಡು ಮಸಾರಿ ಗದ್ದೆ ಇತ್ತು, ಕೆಂಪು ಮರಳುಮಣ್ಣು, ಗೌಡರದು, ಪಾಲಿಗೆ ಮಾಡಿದ್ದು, ಆರು ವರ್ಷದಿಂದ ಅವ್ವ ಅದನ್ನು ತನ್ನ ಗದ್ದಿ ಅನ್ನುತ್ತಿದ್ದಳು, ಇದನ್ನ ಉಗ್ಗಬೇ, ಬೆಂಕಿರೋಗ ಬರಂಗಿಲ್ಲ, ನಾನ ಕಂಡುಹಿಡಿದೀನಿ ಅಂದಳು ಕರೆಮ್ಮ, ನಾನ ಅಂದಳು, ಅವ್ವ ಪೊಟ್ಟಣವನ್ನು ಮೂಸಿ ನೋಡಿ, ಕಮಟು ವಾಸ್ನಿ ಅದಲ್ಲ, ಹಸರಿಗೆ ಏನೂ ಆಗಂಗಿಲ್ಲಲ್ಲ ಯವ್ವಾ, ಎಂದು ಕೇಳಿದಳು, ಅಕ್ಷರ ಬಾರದ ಹೆಂಗಸು ಡಾಕ್ಟರೇಟಿನವರು ಕೇಳಬೇಕಾದ ಪ್ರಶ್ನೆಯನ್ನು ಒಂದೇ ಉಸಿರಿಗೆ ಕೇಳಿದಳು, ಗದ್ದೆಯ ನೀರಿನ ಮೇಲಿನ ಆ ಹಸಿರು ಪದರ ಇದ್ದರೆ ನೆಲ್ಲು ಕಪ್ಪಗೆ ಏಳುತ್ತದೆ ಎಂದು ಅವಳಿಗೆ ಯಾರೂ ಪಾಠ ಮಾಡಿರಲಿಲ್ಲ. ಏನೂ ಆಗಂಗಿಲ್ಲ ಎಂದು ಕರೆಮ್ಮ ಹೇಳಿದಳು, ಅಳತೆಗೆ ಒಂದು ಚಮಚವನ್ನೂ ಕೊಟ್ಟು ಬಂದಳು.

ಆಮೇಲೆ ಅಕ್ಟೋಬರಿನಲ್ಲಿ ಹೇಳಿಕಳಿಸಿದರು, ಹೋದಳು, ಬದುವಿನ ಮೇಲೆ ಗೌಡರ ಮಗ, ಓಣಿಯ ಎಂಟು ಹತ್ತು ಮಂದಿ, ಅವ್ವ ಗದ್ದೆಯ ಅಂಚಿನಲ್ಲಿ ಮೊಣಕಾಲಿನ ತನಕ ಸೀರೆ ಎತ್ತಿ ಕಟ್ಟಿ ನಿಂತಿದ್ದಾಳೆ, ಪೈರು ಅರಿಶಿನ ಬಡಿದಂತೆ ಹಳದಿ, ಮತ್ತು ನೀರು — ಗದ್ದೆಯ ನೀರು ಹಾಗೆ ಇರುವುದೇ ಇಲ್ಲ, ಹಸಿರು ಪದರ, ಹುಳ, ನೊರೆ, ಕೆಸರು, ಕಾಲಿಟ್ಟರೆ ಕಾಲು ಮಾಯವಾಗಬೇಕು, ಹುಟ್ಟಿದಾಗಿನಿಂದ ಅವ್ವನ ಕಾಲನ್ನು ಗದ್ದೆಯಲ್ಲಿ ಕರೆಮ್ಮ ಕಂಡಿರಲಿಲ್ಲ, ಆ ದಿನ ಕಂಡಳು, ಕೆಂಪು ಮರಳಿನ ಮೇಲೆ ಐದೂ ಬೆರಳು, ಒಂದೊಂದೂ ಬೇರೆ ಬೇರೆ, ಕಲ್ಲು ಬಿದ್ದು ಉಗುರು ಹೋದ ಹೆಬ್ಬೆರಳು, ಸವೆದ ಕಾಲುಂಗುರ, ಅಷ್ಟು ತಿಳಿ ನೀರು, ಲೋಟದಲ್ಲಿ ಕುಡಿಯಲು ಕೊಡಬಹುದಾದಂಥ ನೀರು, ಒಂದೇ ಒಂದು ಜೀವ ಇಲ್ಲ ಅದರಲ್ಲಿ. ಮತ್ತು ಅವಳು ಏನು ಮಾಡಿದಳು, ಓದಿದ ಮಗಳು, ಅಷ್ಟೂ ಜನದ ಎದುರಿಗೆ ಏನಂದಳು, ಅಳತಿ ತಪ್ಪೀದಿ ನೀನು, ಹೆಚ್ಚಿಗಿ ಹಾಕೀದಿ, ನಾ ಹೇಳಿದಂಗ ಯಾವತ್ತರ ಕೇಳೀದೇನು, ಅಂದಳು, ಫ್ಲಾಸ್ಕುಗಳು ಹಸಿರಾಗಿದ್ದವಲ್ಲ, ಫ್ಲಾಸ್ಕು ಸುಳ್ಳು ಹೇಳುತ್ತದೆಯೇ, ಅವ್ವನೇ ತಪ್ಪಿರಬೇಕು. ನೀ ಕೊಟ್ಟ ಚಮಚದಾಗ ಅಳದೀನಿ ಎಂದು ಅವ್ವ ಒಂದು ಸಲ ಹೇಳಿದಳು, ಒಂದೇ ಸಲ, ಗೌಡರ ಮಗ ಕೇಳ್ರಿ, ಮಗಳೇ ಹೇಳಾಕತ್ಯಾಳ ಅಂದ, ದೀಪಾವಳಿಯ ಹೊತ್ತಿಗೆ ಗದ್ದೆ ಬೇರೆಯವರ ಪಾಲಾಯಿತು, ಈಗ ಅವ್ವ ಬೇರೆಯವರ ಹೊಲದಲ್ಲಿ ಕಳೆ ಕೀಳಲು ಹೋಗುತ್ತಾಳೆ, ಕರೆಮ್ಮ ಊರಿಗೆ ಹೋದರೆ ರೊಟ್ಟಿ ಬಡಿದು ಹಾಕುತ್ತಾಳೆ, ಮಾತಾಡುವುದಿಲ್ಲ.

ಸಭೆಯಲ್ಲಿ ಚಪ್ಪಾಳೆ, ಯಾತಕ್ಕೆ, ಅಂಕಿ ಹೇಳಿದರು ಅಂತ ಕಾಣುತ್ತದೆ, ನೂರಕ್ಕೆ ತೊಂಬತ್ತಾರು ಬದುಕಿದವು, ತೊಂಬತ್ತಾರು, ಬಾಗಿಲ ಹತ್ತಿರ ವಹೀದ್ ಚಾಚಾ ತಟ್ಟೆಯಲ್ಲಿ ಲೋಟ ಜೋಡಿಸುತ್ತಿದ್ದಾರೆ, ತಲೆ ಎತ್ತುತ್ತಿಲ್ಲ, ಬೇಕೆಂದೇ ಎತ್ತುತ್ತಿಲ್ಲ, ಅವರ ಮನೆಯಲ್ಲಿ ಉಂಡ ಅನ್ನ ಇನ್ನೂ ಅವಳ ಮೈಯಲ್ಲಿದೆ, ಜನವರಿಯ ಒಂದು ಮಧ್ಯಾಹ್ನ, ಹಾಜಿರಾ ಬೀ, ಚಾಚಾನ ಹೆಂಡತಿ, ಇವಳನ್ನು ಕೂರಿಸಿ ರೊಟ್ಟಿ ಬಡಿಸಿದ್ದಳು, ಒಲೆಯ ಮೇಲೆ ತೊಗರಿಬೇಳೆ, ಕುದಿಯುತ್ತದೆ ಕುದಿಯುತ್ತದೆ ಬೇಯುವುದಿಲ್ಲ, ಹಾಜಿರಾ ಬೀ ಸೌಟಿನಿಂದ ಒಂದು ಕಾಳು ತೆಗೆದು ಹಿಸುಕಿ ನೋಡಿ ಬೈಯತೊಡಗಿದಳು, ಇವತ್ತ ದೊಡ್ಡ ನಳ ಬರಲಿಲ್ಲ ಬೇಟಿ, ಮಸೀದಿ ಬಾವಿ ನೀರು ಹಾಕೀನಿ, ಕುಡಿಯಾಕ ಶರಬತ್ ಆಗ್ಯದ, ಆದ್ರ ಬ್ಯಾಳಿ ಬೇಯಾಂಗಿಲ್ಲ, ಸಾಬೂನ ನೊರಿ ಬರಂಗಿಲ್ಲ, ಕೆಟ್ಲಿ ತಳಕ್ಕ ಬಿಳಿ ಪಾಪಡಿ ಕಟ್ತದ, ಇವ್ರು ನೋಡಿದ್ರ ಅದೇ ನೀರ ಚೊಲೋ ಅಂತ ಹೇಳಿ ಸೋಮವಾರಕ್ಕೆರಡು ಕ್ಯಾನ್ ನಿಮ್ಮ ಆಫೀಸಿಗೆ ಹೊರ್ತಾರ. ಆ ಮಾತು ಬಿದ್ದಾಗ ಕರೆಮ್ಮನ ಕೈಯಲ್ಲಿ ರೊಟ್ಟಿಯ ಚೂರು ಇತ್ತು, ಅದು ಅಲ್ಲೇ ನಿಂತಿತು, ಬೇಳೆ ಬೇಯದ ನೀರು, ರಾಯಚೂರಿನ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ ಯಾವ ಬಾವಿಯದು ಬೇಳೆಗೆ, ಯಾವುದು ಕುಡಿಯಲಿಕ್ಕೆ, ಬೇಯದಿದ್ದರೆ ಅದರಲ್ಲಿ ಸುಣ್ಣ ಇದೆ, ಕ್ಯಾಲ್ಸಿಯಂ ಇದೆ, ಒಂದು ವರ್ಷ ಅವಳು ತಾಮ್ರವನ್ನು ಸುಣ್ಣದ ನೀರಿನಲ್ಲಿ ಅಳೆದಿದ್ದಳು, ಮತ್ತು ಮೊದಲು ಕಣ್ಣ ಮುಂದೆ ಬಂದದ್ದು ಪ್ರಬಂಧ ಅಲ್ಲ, ವೆಂಕೋಬ ಸರ್ ಅಲ್ಲ, ಕೆಂಪು ಮರಳಿನ ಮೇಲೆ ಐದು ಬೆರಳು. ಊಟ ಮುಗಿಸದೆ ಎದ್ದಳು, ಹಾಜಿರಾ ಬೀ ತನ್ನ ಅಡುಗೆಯೇ ಸೇರಲಿಲ್ಲ ಎಂದು ಮುಖ ಸಣ್ಣದು ಮಾಡಿಕೊಂಡಳು.

ಆಮೇಲಿನ ಎರಡು ತಿಂಗಳು ಯಾರಿಗೂ ಹೇಳದೆ ಮಾಡಿದ್ದು, ಸ್ಟೇಷನ್ ರೋಡಿನ ಬ್ಯಾಟರಿ ಅಂಗಡಿಯಲ್ಲಿ ಲಾರಿ ಬ್ಯಾಟರಿಗೆ ಹಾಕುವ ನೀರು ಮಾರುತ್ತಾರೆ, ಅದು ಬಟ್ಟಿ ಇಳಿಸಿದ್ದು, ಅಂಗಡಿಯವನು ಯಾವ ಲಾರಿ ಅಕ್ಕಾರ ನಿಮ್ದು ಎಂದು ಹಲ್ಲು ಕಿರಿದ, ಕಿರಿಯಲಿ, ತಂದು ಮೊದಲಿಂದ ಇಟ್ಟಳು, ಹನ್ನೆರಡು ಫ್ಲಾಸ್ಕು, ಬ್ಯಾಟರಿ ನೀರಿನಲ್ಲಿ ಅದೇ ತಾಮ್ರ, ಮೂರನೇ ದಿನಕ್ಕೆ ಹಸಿರೆಲ್ಲ ಬೆಳ್ಳಗಾಗಿ ತಳಕ್ಕೆ ಕೂತಿತು, ಮೇಲೆ ನೀರು ತಿಳಿ, ಅದಕ್ಕೇ ಚಿಟಿಕೆ ಕ್ಯಾಲ್ಸಿಯಂ ಲವಣ ಮೊದಲೇ ಹಾಕಿಟ್ಟದ್ದು ಹಸಿರಾಗಿ ಉಳಿಯಿತು, ಮಾನ್ವಿಯ ಎರೆಮಣ್ಣು ಹಾಕಿದ್ದೂ ಉಳಿಯಿತು, ಆ ಕರಿಮಣ್ಣಿನಲ್ಲಿ ಸುಣ್ಣದ ಹರಳು ಕೈಗೇ ಸಿಗುತ್ತವೆ, ಮಣ್ಣೂ ತಾಮ್ರವನ್ನು ಅಂಟಿಸಿಕೊಂಡು ಬಿಡುತ್ತದೆ, ದೇವದುರ್ಗದ ಕೆರೆ ನೀರು, ಮಳೆ ಬಿದ್ದು ತುಂಬಿದ ಮೆತ್ತನೆಯ ನೀರು, ಅದಕ್ಕೆ ಅವ್ವನ ಗದ್ದೆಯ ಮಸಾರಿ ಮಣ್ಣು ಹಾಕಿದ್ದು — ಸತ್ತವು, ಎಲ್ಲವೂ, ಮೂರು ಸಲ ಇಟ್ಟಳು ಮೂರು ಸಲವೂ ಸತ್ತವು. ಎಷ್ಟು ಸರಳ, ಮಾನ್ವಿಯ ಬಸ್ಸು ಬಂದಾಗ ಜನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುತ್ತಾರಲ್ಲ, ಬ್ಯಾಕ್ಟೀರಿಯಾದ ಮೈಮೇಲಿನ ಜಾಗವನ್ನು ಕ್ಯಾಲ್ಸಿಯಂ ಹಾಗೆ ಹಿಡಿದು ಕೂತಿರುತ್ತದೆ, ತಾಮ್ರ ಬಂದರೆ ಸೀಟಿಲ್ಲ, ಸುಣ್ಣವೇ ಇಲ್ಲದ ನೀರಿನಲ್ಲಿ ಬಸ್ಸು ಖಾಲಿ, ತಾಮ್ರವೇ ಹತ್ತಿ ಕೂರುತ್ತದೆ, ಒಳಗೆ ಇಳಿಯುತ್ತದೆ, ಕೊಲ್ಲುತ್ತದೆ. ಅವ್ವ ಅಳತೆ ತಪ್ಪಿರಲಿಲ್ಲ. ಇದನ್ನು ಕಂಡುಕೊಂಡ ದಿನ ಅವಳಿಗೆ ಸಂತೋಷವಾಗಬೇಕಿತ್ತು, ವಿಜ್ಞಾನಿಗಳಿಗೆ ಆಗುತ್ತದಂತೆ, ಅವಳು ಸಾಮಾನು ಕೋಣೆಯ ಬಾಗಿಲು ಹಾಕಿಕೊಂಡು ತಲೆ ಚಚ್ಚಿಕೊಂಡಳು.

ಏಪ್ರಿಲಿನಲ್ಲಿ ವೆಂಕೋಬ ಸರ್ ಮುಂದೆ ನೋಟ್‌ಬುಕ್ಕು ಇಟ್ಟಾಗ ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಓದಿದರು, ಒಳ್ಳೆಯ ಓದುಗ, ಅದನ್ನು ಒಪ್ಪಲೇಬೇಕು, ಎರಡನೇ ಪುಟಕ್ಕೇ ಅವರಿಗೆ ಎಲ್ಲ ತಿಳಿದಿತ್ತು, ಅದೇ ಅವಳಿಗೆ ತಡೆಯಲಾಗದ ಸಂಗತಿ, ತಿಳಿಯದವನಾಗಿದ್ದರೆ ಕ್ಷಮಿಸಬಹುದಿತ್ತು. ಒಂದು ಸಾಲು ಸೇರಿಸ್ರಿ ಸರ್, ಅಷ್ಟೇ ಕೇಳಾಕತ್ತೀನಿ, ಕೆರೆ ಕೆಳಗಿನ ಮಸಾರಿ ಹೊಲಕ್ಕ ಬ್ಯಾಡ ಅಂತ ಒಂದು ಸಾಲು. ನೋಡವ್ವಾ, ಅಂದರು, ಸಿಟ್ಟಾಗಲೇ ಇಲ್ಲ, ಮಾನ್ವಿಯಾಗ ಸಾವಿರಗಟ್ಟಲೆ ಎಕರೆ ನೆಲ್ಲು ಅದ, ಎಲ್ಲಾ ಎರಿ ಭೂಮಿ, ಅಲ್ಲಿ ನಮ್ಮ ಮಾತು ಖರೇನೇ ಅದ, ದೇವದುರ್ಗದಾಗ ಎಷ್ಟದ, ನಾಕು ಕೆರಿ ಕೆಳಗ ನಾಕು ತುಂಡು, ನಿಮ್ಮ ಮಂದಿ ಜ್ವಾಳ ತಿನ್ನೋರು, ಒಂದು ಸಾಲು ಸೇರಿಸಿದ್ರ ಇಡೀ ವರದಿ ಮ್ಯಾಲೆ ಅನುಮಾನ ಬರ್ತದ, ಬೀಜದ ಡಿಪೋದವ್ರು ತಾಲೂಕಿಗೊಂದು ಅಳತಿ ಇಡಂಗಿಲ್ಲ. ನಿಮ್ಮ ಮಂದಿ. ಬಟ್ಟಿ ಯಂತ್ರ ಕೆಟ್ಟದ್ದು ನಿಮಗ ಗೊತ್ತಿತ್ತಲ್ರಿ ಸರ್, ಮತ್ತ ನೀರು ಎಲ್ಲಿಂದ ಬರ್ತದಂತ ತಿಳಿದಿದ್ರಿ, ಎಂದು ಅವಳು ಕೇಳಿಯೇಬಿಟ್ಟಳು, ಆಗ ಅವರು ಡ್ರಾವರ್ ತೆಗೆದು ನೀರಿನ ರಜಿಸ್ಟರು ಹೊರಗಿಟ್ಟರು, ಮೊದಲೇ ತೆಗೆದಿಟ್ಟುಕೊಂಡಿದ್ದರು ಎಂದರೆ ಏನರ್ಥ, ಬೆರಳಿನಿಂದ ಒಂದೊಂದೇ ಉರ್ದು ಸಹಿ ತೋರಿಸಿದರು, ಇದು ಯಾರ ಸೈ, ಬಾವಿ ನೀರಿಗೆ ಬಟ್ಟಿ ನೀರು ಅಂತ ಸೈ ಮಾಡಿದಾಂವ ಯಾರು, ಎರಡು ತಿಂಗಳಿಗೆ ರಿಟೈರ್ ಆಗ್ತಾನ ಪಾಪ, ನೀ ಬಾಯಿ ತಗದ್ರ ನನಗೇನೂ ಆಗಂಗಿಲ್ಲ ಕರೆಮ್ಮ, ಅವನ ಪಿಂಚಣಿ ಹೋಗ್ತದ, ಬೇಕಿದ್ರ ಹೋಗಿ ಅವನ್ನ ಕೇಳು. ಪಾಪ ಎಂಬ ಮಾತನ್ನು ಆ ಬಾಯಿ ಹೇಳಿದ ರೀತಿಗೆ ಅವಳು ಮೇಜಿನ ಮೇಲಿನ ಗಾಜಿನ ಗುಂಡನ್ನು ನೋಡಿದಳು, ಅದು ಎಷ್ಟು ಭಾರ ಇರಬಹುದು ಎಂದು ನೋಡಿದಳು, ನೋಡಿ ಹೊರಗೆ ಬಂದಳು.

ಕೇಳು ಅಂದಿದ್ದರಲ್ಲ, ನಿನ್ನೆ ಸಂಜೆ ಕೇಳಿದಳು, ಕುರ್ಚಿ ಜೋಡಿಸುತ್ತಿದ್ದ ಚಾಚಾನ ಪಕ್ಕ ನಿಂತು ಎಲ್ಲ ಹೇಳಿದಳು, ಸುಣ್ಣ, ತಾಮ್ರ, ಗದ್ದೆ, ಅವರು ಅಳುತ್ತಾರೆ ಎಂದುಕೊಂಡಿದ್ದಳು, ಇಲ್ಲವೇ ತಲೆ ಸವರುತ್ತಾರೆ, ಅವರು ಕುರ್ಚಿಯನ್ನು ನೆಲಕ್ಕೆ ಕುಕ್ಕಿದರು, ಏನಾಗ್ಯದ ಆ ನೀರಿಗೆ, ನಮ್ಮಪ್ಪ ನಮ್ಮಜ್ಜ ಕುಡದ ನೀರು, ನಮಾಜಿಗೆ ಕೈಕಾಲು ತೊಳಿಯೋ ನೀರು, ಮೂರು ಸಲ ಸೋಸಿ ನಿನಗ ಅಂತ ಹೊತ್ತು ತಂದೆ, ಎಲ್ಲಿಂದರ ತರ್ರಿ ಅಂದಾಕಿ ನೀನು, ಕೇಳಬ್ಯಾಡ್ರಿ ಅಂದಾಕಿ ನೀನು, ಈಗ ನನ್ನ ನೀರಿಗೆ ಹೆಸರಿಡ್ತೀ ಏನು. ಸಭೆಗೆಂದು ತಂದಿಟ್ಟ ಬಾವಿ ನೀರಿನ ಕ್ಯಾನು ಎತ್ತಿ ಅವಳ ಎದುರಿಗೇ ಗಟಗಟ ಕುಡಿದರು, ಗಡ್ಡದಿಂದ ಅಂಗಿಯ ಮೇಲೆ ನೀರು ಸುರಿಯಿತು, ನೋಡು, ಸತ್ತೀನೇನು, ಅಂದರು, ಬೇಟಿ ಅನ್ನಲಿಲ್ಲ. ನಿಮ್ಮ ನೀರು ಕೆಟ್ಟದ್ದಲ್ಲ ಚಾಚಾ, ಅದು ಭಾಳ ಒಳ್ಳೇದಾಗಿತ್ತು, ಅದೇ ತಪ್ಪಾತು, ಎಂದು ಹೇಳಬೇಕೆಂದು ಬಾಯಿಗೆ ಬಂದದ್ದು ಬಾಯಲ್ಲೇ ಉಳಿಯಿತು, ಅವರ ಮೇಲೂ ಸಿಟ್ಟು ಬಂದಿತ್ತು ಅವಳಿಗೆ, ನಿಜ ಹೇಳಬೇಕೆಂದರೆ ಭಯಂಕರ ಸಿಟ್ಟು, ಒಳ್ಳೆಯ ಮನುಷ್ಯ ಯಾಕೆ ಕೇಳದೆ ಸಹಿ ಹಾಕಬೇಕು, ಯಾಕೆ ಅಷ್ಟು ಪ್ರೀತಿಯಿಂದ ಸೋಸಬೇಕು, ಸೋಸದೆ ಕೊಳಕು ನೀರು ತಂದಿದ್ದರೆ ಅವಳು ಮೊದಲ ದಿನವೇ ಎಸೆಯುತ್ತಿದ್ದಳು. ರಾತ್ರಿಯೆಲ್ಲ ಲೆಕ್ಕ ಹಾಕಿದ್ದು ಒಂದೇ, ಹೇಳಿದರೆ ಈ ಮುದುಕನ ಕತ್ತು, ಹೇಳದಿದ್ದರೆ ಹಿಂದಿನ ಸಾಲಿನವರ ಗದ್ದೆ, ಬೆಳಗಾದರೂ ಬಗೆಹರಿಯಲಿಲ್ಲ.

ಕುಮಾರಿ ಕರೆಮ್ಮ ವೇದಿಕೆಗೆ ಬರಬೇಕು, ಟಕ್, ಕುರ್ಚಿಯಿಂದ ಸೀರೆ ಬಿಡಿಸಿಕೊಂಡು ಎದ್ದಾಗ ಕಾಲು ಜೋಮು ಹಿಡಿದಿದೆ, ನಾಲ್ಕು ಮೆಟ್ಟಿಲು, ಬಿಳಿ ಪ್ಯಾಂಟಿನವನು ನಗುತ್ತಾನೆ, ಹಲ್ಲಿನ ಸಂದಿಯಲ್ಲಿ ಅಡಿಕೆ, ಸರ್ ಮೈಕು ತಗ್ಗಿಸಿ ಕಿವಿಯ ಹತ್ತಿರ ಮೂರೇ ಮಾತು ಅಂದರು, ಮೇಲಿಂದ ನೋಡಿದರೆ ಹಿಂದಿನ ಸಾಲುಗಳು ಚೆನ್ನಾಗಿ ಕಾಣುತ್ತವೆ, ಎಡಗಡೆ ಮಾನ್ವಿಯವರು, ಬಲಗಡೆ ದೇವದುರ್ಗದವರು, ಗುರುತು ಸಿಗುತ್ತದೆ, ಅವ್ವನ ಗದ್ದೆಯ ಪಕ್ಕದ ಮಾರೆಪ್ಪ, ಬದುವಿನ ಮೇಲೆ ನಿಂತಿದ್ದ ಎಂಟು ಹತ್ತು ಮಂದಿಯಲ್ಲಿ ಒಬ್ಬ, ಆಗಲೇ ಪೊಟ್ಟಣಕ್ಕೆಂದು ಚೀಲ ಬಿಡಿಸಿ ತೊಡೆಯ ಮೇಲೆ ಹಾಸಿಕೊಂಡಿದ್ದಾನೆ, ಅವನನ್ನೂ ಅವಳು ದ್ವೇಷಿಸುತ್ತಾಳೆ, ಆ ದಿನ ಅವನು ನಕ್ಕಿದ್ದ, ಅವನ ಗದ್ದೆ ಸತ್ತರೆ ಇವಳಿಗೇನು. ವಹೀದ್ ಚಾಚಾ ಮಗ್ಗುಲ ಮೆಟ್ಟಿಲಿನಿಂದ ಬಂದು ಮೈಕಿನ ಪಕ್ಕದ ಮೇಜಿನ ಮೇಲೆ ಒಂದು ಲೋಟ ನೀರನ್ನು ಕುಕ್ಕಿ ಇಟ್ಟರು, ಮುಖ ನೋಡಲಿಲ್ಲ, ಗಾಜಿನ ಲೋಟ, ಅದೇ ನೀರು, ಮಸೀದಿ ಬಾವಿಯದು, ತಿಳಿ, ಅದರ ಒಳಗಿಂದ ಮೇಜಿನ ಮರದ ಗೆರೆಗಳು ಒಂದೊಂದೂ ಬೇರೆ ಬೇರೆ ಕಾಣುತ್ತವೆ, ಬೇರೆ ಬೇರೆ, ಐದು, ಮತ್ತು ಚೀಟಿ ಅವಳ ಕೈಯಲ್ಲಿ ಬೆವರಿಗೆ ನೆಂದು ಉಂಡೆಯಾಗಿದೆ, ಎಲ್ಲಿಂದರ ತರ್ರಿ, ಕೇಳಬ್ಯಾಡ್ರಿ, ಆ ಮಾತು ಯಾರದು, ಚಾಚಾನದಲ್ಲ, ಸರ್‌ದಲ್ಲ, ಎರಡು ದಾರಿ ಅಂತ ರಾತ್ರಿಯೆಲ್ಲ ಒದ್ದಾಡಿದೆಯಲ್ಲ ಮೂರ್ಖಿ, ಮೂರನೆಯದು ನಿನ್ನ ಬಾಯಲ್ಲೇ ಇತ್ತು.

ಆ ನೀರು ಬಟ್ಟಿದಲ್ಲ, ಬಾವೀದು, ಅಂದಳು, ಮೈಕು ಕಿರುಚಿತು, ಕಿರುಚಲಿ, ತರಿಸಿದಾಕಿ ನಾನು, ಬಟ್ಟಿ ನೀರು ಅಂತ ರಜಿಸ್ಟರಿನಾಗ ಬರಿಯಂದಾಕೀನೂ ನಾನು, ಚಾಚಾಗ ಓದಾಕ ಬರೂದು ಉರ್ದು, ನಾ ಹೇಳಿದಲ್ಲಿ ಸೈ ಮಾಡ್ಯಾರ — ಇದೊಂದು ಸುಳ್ಳು, ಇರಲಿ, ಈ ಸಭೆಯಲ್ಲಿ ಇಷ್ಟು ಸುಳ್ಳಿನ ನಡುವೆ ತನ್ನದೂ ಒಂದು — ಆ ನೀರಿನಾಗ ಸುಣ್ಣ ಇತ್ತು, ಅದಕ್ಕ ಹಸರು ಉಳಿದಿತ್ತು, ಮಾನ್ವಿ ಎರಿ ಹೊಲದಾಗ ಉಳೀತದ, ದೇವದುರ್ಗದವ್ರು ಆ ಪೊಟ್ಟಣ ಮುಟ್ಟಬ್ಯಾಡ್ರಿ, ಕೆರಿ ಕೆಳಗ ಮಸಾರಿಯೊಳಗ ಇದನ್ನ ಉಗ್ಗಿದ್ರ ಹಸರು ಸಾಯ್ತದ, ನಮ್ಮವ್ವನ ಗದ್ದ್ಯಾಗ ಸತ್ತದ, ನಮ್ಮವ್ವ ತಿಮ್ಮವ್ವ ಅಳತಿ ತಪ್ಪಿದ್ದಿಲ್ಲ. ಸರ್ ಮೈಕಿಗೆ ಕೈ ಹಾಕಿದರು, ಅವರ ಉಂಗುರ ಅವಳ ಗೆಣ್ಣಿಗೆ ತಾಗಿ ಉರಿಯಿತು, ಬಿಳಿ ಪ್ಯಾಂಟಿನವನ ಬೂಟು ಅಲ್ಲಾಡುವುದು ನಿಂತಿದೆ, ಚಾಚಾ ಅವಳನ್ನು ನೋಡುತ್ತಿದ್ದಾರೆ, ಕೊನೆಗೂ ನೋಡುತ್ತಿದ್ದಾರೆ, ಕಣ್ಣಿನಲ್ಲಿ ಋಣವಿಲ್ಲ ಪ್ರೀತಿಯಿಲ್ಲ, ಓದಾಕ ಬರೂದು ಉರ್ದು ಎಂಬ ಮಾತು ಅವರಿಗೆ ಚುಚ್ಚಿದೆ, ಕನ್ನಡ ಪೇಪರನ್ನು ದಿನಾ ಓದುವ ಮನುಷ್ಯ, ಚುಚ್ಚಲಿ, ಪ್ರಬಂಧ ಹೋಯಿತು, ಕಪಾಟಿನಲ್ಲೇ ಗೆದ್ದಲು ಹಿಡಿಯಲಿ, ಹೋಯಿತು ಎಂಬುದು ಇನ್ನೂ ಮೈಗೆ ಇಳಿದಿಲ್ಲ, ಸಭೆಯಲ್ಲಿ ಗದ್ದಲ, ಯಾರೋ ಕೂರಿಸ್ರಿ ಆಕಿನ್ನ ಅನ್ನುತ್ತಿದ್ದಾರೆ, ಆಗ ಮಾರೆಪ್ಪ ಎದ್ದು ನಿಂತ, ಖಾಲಿ ಚೀಲ ಕೈಯಲ್ಲಿ, ಗಟ್ಟಿ ಗಂಟಲು, ಅಲ್ಲಬೇ ಕರೆಮ್ಮ, ಇದನ್ನ ಆವತ್ತ ಬದುವಿನ ಮ್ಯಾಲ ಯಾಕ ಹೇಳಲಿಲ್ಲ, ನಿಮ್ಮವ್ವ ಚಮಚ ಹಿಡಕೊಂಡು ನಿಂತಿದ್ಳು, ಎಂದು ಕೇಳಿದ, ಗೊತ್ತಿರಲಿಲ್ಲ ಎಂಬುದು ಉತ್ತರವೇ, ಚಮಚ, ಹೌದು, ಕೈಯಲ್ಲಿ ಚಮಚ ಇತ್ತು, ತಾನು ಅವ್ವನ ಕೈ ನೋಡಿರಲಿಲ್ಲ, ಮುಖವನ್ನೂ ನೋಡಿರಲಿಲ್ಲ, ಕೆಳಗೆ ನೋಡಿದ್ದಳು, ನೀರನ್ನು, ತಿಳಿ ನೀರನ್ನು, ಕೆಂಪು ಮರಳು, ಸವೆದ ಕಾಲುಂಗುರ, ಐದು ಬೆರಳು, ಉಗುರಿಲ್ಲದ ಹೆಬ್ಬೆರಳು, ಐದು ಬೆರಳು